ಬಾವಲಿ ಡಿಟೆಕ್ಟರ್‌ನ ಮೈಕನ್ನು ಒರೆಗೆ ಹಚ್ಚುವ ಬಗೆ

ಬಾವಲಿ ಡಿಟೆಕ್ಟರ್ ಎಂದರೆ ನಮ್ಮ ಕಿವಿಗೆ ಕೇಳದಷ್ಟು ಎತ್ತರದ, ಅಂದರೆ ಶ್ರವಣಾತೀತವಾದ ಬಾವಲಿ ಕೂಗುಗಳನ್ನು ಮೈಕಿನಿಂದ ಹಿಡಿದು ಕಡತಗಳಲ್ಲಿ ದಾಖಲಿಸುವ ಉಪಕರಣ. ಬಾವಲಿ ಸಮೀಕ್ಷೆಯ ಕಡತಗಳಲ್ಲಿ ಒಂದು ರಾತ್ರಿ ಒಂದೂ ಕೂಗು ಸಿಗಲಿಲ್ಲವೆಂದರೆ ಅದಕ್ಕೆ ಎರಡು ಅರ್ಥಗಳಿರಬಹುದು. ಆ ರಾತ್ರಿ ಅಲ್ಲಿ ಬಾವಲಿ ಹಾರಿರಲಿಕ್ಕಿಲ್ಲ, ಇಲ್ಲವೇ ಹಾರಿದ್ದು ಮೈಕಿಗೆ ಕೇಳಿಸಿರಲಿಕ್ಕಿಲ್ಲ. ಕ್ಯಾಮೆರಾದ ಗಾಜು ಮಸುಕಾದರೆ ಚಿತ್ರ ನೋಡಿದೊಡನೆ ತಿಳಿಯುತ್ತದೆ. ಮೈಕ್ ಮಂದವಾದರೆ ಕಡತ ಕೆಟ್ಟಂತೆ ಕಾಣುವುದಿಲ್ಲ, ಅದರಲ್ಲಿ ಕೂಗುಗಳು ಕಡಿಮೆಯಾಗಿರುತ್ತವೆ ಅಷ್ಟೆ. ಮೂರು ವರ್ಷ ಒಂದೇ ಜಾಗದಲ್ಲಿ ಒಂದೇ ಉಪಕರಣವನ್ನು ಇಟ್ಟು ‘ಬಾವಲಿಗಳು ಇಳಿಮುಖವಾಗಿವೆ’ ಎಂದು ಬರೆಯುವ ಮೊದಲು, ಇಳಿದದ್ದು ಬಾವಲಿಗಳ ಸಂಖ್ಯೆಯೋ ಮೈಕಿನ ಕಿವಿಯೋ ಎಂದು ಹೇಳಲು ನಮ್ಮ ಬಳಿ ಆಧಾರವಿರಬೇಕು. ಆ ಆಧಾರವನ್ನು ಒದಗಿಸುವ ಕೆಲಸವೇ ಕ್ಯಾಲಿಬ್ರೇಷನ್. ಇದಕ್ಕೆ ದುಬಾರಿ ಪ್ರಯೋಗಾಲಯ ಅನಿವಾರ್ಯವಲ್ಲ. ಪ್ರತಿ ಸಲವೂ ಒಂದೇ ರೀತಿಯಲ್ಲಿ ಮಾಡುವ ಶಿಸ್ತು ಮಾತ್ರ ಅನಿವಾರ್ಯ.

ಸಂವೇದನೆಯಲ್ಲಿ ಕೆಲವೇ ಡೆಸಿಬಲ್ ಕುಸಿದರೆ ಏನಾಗುತ್ತದೆಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಶಬ್ದವು ಎಲ್ಲ ದಿಕ್ಕುಗಳಿಗೂ ಹರಡುವುದರಿಂದ ದೂರ ಇಮ್ಮಡಿಯಾದಾಗಲೆಲ್ಲ ಅದರ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಇದಲ್ಲದೆ ಗಾಳಿಯೂ ಶ್ರವಣಾತೀತ ಧ್ವನಿಯನ್ನು ಹೀರಿಕೊಳ್ಳುತ್ತದೆ: 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 50ರಷ್ಟು ಆರ್ದ್ರತೆಯಲ್ಲಿ ಈ ಹೀರಿಕೆ 20 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬಲ್, 40 ಕಿಲೋಹರ್ಟ್ಸ್‌ನಲ್ಲಿ ಸುಮಾರು 1.3 ಡೆಸಿಬಲ್, 100 ಕಿಲೋಹರ್ಟ್ಸ್‌ನಲ್ಲಿ 3 ಡೆಸಿಬಲ್‌ಗೂ ಹೆಚ್ಚು. 40 ಕಿಲೋಹರ್ಟ್ಸ್‌ನಲ್ಲಿ ಕೂಗುವ ಬಾವಲಿಯೊಂದು ಸುಸ್ಥಿತಿಯ ಮೈಕಿಗೆ 20 ಮೀಟರ್ ದೂರದವರೆಗೆ ಕೇಳುತ್ತದೆ ಎಂದುಕೊಳ್ಳಿ. ಅದೇ ಮೈಕ್ 6 ಡೆಸಿಬಲ್ ಕಳೆದುಕೊಂಡರೆ, ಹರಡುವಿಕೆ ಮತ್ತು ಹೀರಿಕೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಆ ದೂರ ಸುಮಾರು 16.5 ಮೀಟರಿಗೆ ಇಳಿಯುತ್ತದೆ. ಮೂರೂವರೆ ಮೀಟರ್ ಹೋದರೇನು ಎನ್ನಿಸಬಹುದು. ಆದರೆ ಮೈಕ್ ಆಲಿಸುವುದು ಒಂದು ಗೆರೆಯನ್ನಲ್ಲ, ತನ್ನ ಸುತ್ತಲಿನ ಗಾಳಿಯ ಗುಮ್ಮಟವನ್ನು. ಗುಮ್ಮಟದ ಗಾತ್ರ ತ್ರಿಜ್ಯದ ಘನಕ್ಕೆ ಅನುಗುಣವಾಗಿರುವುದರಿಂದ ಅದು ಮೊದಲಿನ ಶೇ 56ಕ್ಕೆ ಕುಗ್ಗಿರುತ್ತದೆ. ಬಾವಲಿಗಳ ಸಂಖ್ಯೆ ಒಂದಿಷ್ಟೂ ಬದಲಾಗದೆ ದಾಖಲೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿಯಲು ಇಷ್ಟು ಸಾಕು.

ನಷ್ಟ ಎಲ್ಲ ಪ್ರಭೇದಗಳಿಗೂ ಸಮಾನವಾಗಿ ಹಂಚಿಕೆಯಾಗುವುದೂ ಇಲ್ಲ. ಬಯಲಿನಲ್ಲಿ ಕೀಟ ಬೇಟೆಯಾಡುವ ಬಾವಲಿಗಳ ಕೂಗು 10 ಸೆಂಟಿಮೀಟರ್ ದೂರದಲ್ಲಿ 120 ಡೆಸಿಬಲ್ ಮೀರುವುದುಂಟು. ಎಲೆಗಳ ಮೇಲಿನ ಹುಳುಗಳನ್ನು ಹೆಕ್ಕುವ ಬಾವಲಿಗಳಾದರೋ ಅದಕ್ಕಿಂತ ಹತ್ತಾರು ಡೆಸಿಬಲ್ ಕೆಳಗೆ ಪಿಸುಗುಡುತ್ತವೆ. ಮಂದವಾದ ಮೈಕ್ ಮೊದಲು ಕೈಬಿಡುವುದು ಈ ಪಿಸುದನಿಯವನ್ನು ಮತ್ತು 100 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಕೂಗುವ ಪ್ರಭೇದಗಳನ್ನು. ಕೇಳಿಸಿದ ಕೂಗುಗಳಲ್ಲಿಯೂ ಎತ್ತರದ ಕಂಪನಾಂಕದ ಆರಂಭದ ಭಾಗ ಅಳಿಸಿಹೋಗಿ, ಕೂಗಿನ ಅವಧಿ ಮತ್ತು ಆರಂಭದ ಕಂಪನಾಂಕ ಎರಡೂ ತಪ್ಪಾಗಿ ಅಳೆಯಲ್ಪಡುತ್ತವೆ. ಅಂಥ ತುಂಡು ಕೂಗನ್ನು ಪ್ರಭೇದ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟರೆ ಅದು ಇನ್ನೊಂದು ಬಾವಲಿಯ ಹೆಸರನ್ನು ಹೇಳುತ್ತದೆ.

ಸಮಾಧಾನದ ಸಂಗತಿಯೊಂದಿದೆ. ಕಂಪನಾಂಕವನ್ನು ಒರೆಗೆ ಹಚ್ಚುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಯೂರೋಪಿನಲ್ಲಿ ಒಂದೇ ಪ್ರಭೇದವೆಂದು ತಿಳಿದಿದ್ದ ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿಗಳಲ್ಲಿ ಎರಡು ಪ್ರಭೇದಗಳಿವೆ ಎಂಬುದಕ್ಕೆ 1990ರ ದಶಕದಲ್ಲಿ ಸುಳಿವು ಕೊಟ್ಟದ್ದು 45 ಮತ್ತು 55 ಕಿಲೋಹರ್ಟ್ಸ್‌ಗಳ ನಡುವಿನ ವ್ಯತ್ಯಾಸ. ರೆಕಾರ್ಡರ್‌ಗಳಲ್ಲಿರುವ ಸ್ಫಟಿಕ ಗಡಿಯಾರ ಹತ್ತು ಲಕ್ಷದಲ್ಲಿ 50 ಭಾಗದಷ್ಟು ತಪ್ಪಿದರೂ 45 ಕಿಲೋಹರ್ಟ್ಸ್‌ನಲ್ಲಿ ಆಗುವ ದೋಷ ಬರೀ ಎರಡು ಚಿಲ್ಲರೆ ಹರ್ಟ್ಸ್. ನಮ್ಮ ತಲೆನೋವೆಲ್ಲ ಶಬ್ದದ ಮಟ್ಟದ್ದು.

ಬೇಕಾದ ಸಲಕರಣೆ

ಶಬ್ದಮಾಪಕಗಳಿಗೆ ಬಳಸುವ ಸಿದ್ಧ ಕ್ಯಾಲಿಬ್ರೇಟರ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು 1 ಕಿಲೋಹರ್ಟ್ಸ್‌ನಲ್ಲಿ 94 ಡೆಸಿಬಲ್, ಅಂದರೆ 1 ಪಾಸ್ಕಲ್ ಒತ್ತಡವನ್ನು, ಮೈಕಿಗೆ ಬಿಗಿಯಾಗಿ ಕೂರುವ ಪುಟ್ಟ ಕೋಣೆಯೊಳಗೆ ಉಂಟುಮಾಡುತ್ತದೆ. ಬಾವಲಿ ಮೈಕುಗಳ ಆಕಾರ ಆ ಕೋಣೆಗೆ ಹೊಂದುವುದಿಲ್ಲ. ಹೊಂದಿದರೂ 1 ಕಿಲೋಹರ್ಟ್ಸ್‌ನಲ್ಲಿ ಸರಿಯಿರುವ ಮೈಕ್ 40ರಲ್ಲಿಯೂ ಸರಿಯಿದೆ ಎನ್ನುವಂತಿಲ್ಲ. 40 ಕಿಲೋಹರ್ಟ್ಸ್‌ನ ತರಂಗದೂರ ಸುಮಾರು 8.6 ಮಿಲಿಮೀಟರ್, 100ರದ್ದು 3.4. ಮೈಕಿನ ತೂತು, ಅದರ ಸುತ್ತಲಿನ ಅಂಚು, ಮುಂದಿರುವ ಜಾಲರಿ ಇವೆಲ್ಲವೂ ಈ ಅಳತೆಗೆ ಹತ್ತಿರದವೇ ಆದ್ದರಿಂದ, ಕಿವಿಗೆ ಕೇಳುವ ಶಬ್ದಕ್ಕೆ ಲೆಕ್ಕಕ್ಕೇ ಬಾರದ ಒಂದು ಧೂಳಿನ ಕಣ ಇಲ್ಲಿ ಅಡ್ಡಗೋಡೆಯಾಗುತ್ತದೆ.

ಹಾಗಾಗಿ ನಮಗೆ ಬೇಕಾದದ್ದು ಸ್ಥಿರವಾದ ಶ್ರವಣಾತೀತ ಧ್ವನಿಮೂಲ. ಸುಲಭವಾಗಿ ಸಿಗುವುದೆಂದರೆ, ವಿದ್ಯುತ್ತಿಗೆ ಕಂಪಿಸಿ ಶಬ್ದ ಹೊರಡಿಸುವ, 40 ಕಿಲೋಹರ್ಟ್ಸ್‌ನ ಪೀಜೋ ಟ್ರಾನ್ಸ್‌ಡ್ಯೂಸರ್. ದೂರ ಅಳೆಯುವ ಹವ್ಯಾಸಿ ಎಲೆಕ್ಟ್ರಾನಿಕ್ಸ್‌ನ ಎಚ್‌ಸಿ-ಎಸ್‌ಆರ್04 ಮಾಡ್ಯೂಲಿನಲ್ಲಿರುವ ಎರಡು ‘ಕಣ್ಣು’ಗಳು ಇವೇ. ಮಾಡ್ಯೂಲನ್ನು ಹಾಗೆಯೇ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದು ಒಮ್ಮೆಗೆ ಎಂಟೇ ಆವರ್ತಗಳನ್ನು, ಅಂದರೆ ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನ ಶಬ್ದವನ್ನು ಹೊರಡಿಸುತ್ತದೆ, ಅಷ್ಟರಲ್ಲಿ ಪೀಜೋ ತನ್ನ ಪೂರ್ಣ ಮಟ್ಟಕ್ಕೆ ಏರಿರುವುದಿಲ್ಲ. ಅದರ ಬದಲು ಬಿಡಿ ಟ್ರಾನ್ಸ್‌ಡ್ಯೂಸರನ್ನು ಸಿಗ್ನಲ್ ಜನರೇಟರ್‌ನಿಂದಲೋ ಸಣ್ಣ ಮೈಕ್ರೋಕಂಟ್ರೋಲರ್‌ನಿಂದಲೋ ನಡೆಸುವುದು ಉತ್ತಮ. ಬ್ಯಾಟರಿಯ ವೋಲ್ಟೇಜ್ ಇಳಿದಂತೆ ಮೂಲದ ಶಬ್ದವೂ ಇಳಿಯುತ್ತದೆ, ಆ ಇಳಿಕೆ ಮೈಕಿನ ದೋಷದಂತೆ ಕಾಣುತ್ತದೆ. ಆದುದರಿಂದ ನಡುವೆ ವೋಲ್ಟೇಜ್ ರೆಗ್ಯುಲೇಟರ್ ಇರಲೇಬೇಕು. ಪೀಜೋ ತನ್ನ ಅನುರಣನದ ಕಂಪನಾಂಕದಲ್ಲಿ ಮಾತ್ರ ಜೋರಾಗಿ ನುಡಿಯುತ್ತದೆ ಮತ್ತು ಆ ಕಂಪನಾಂಕ ಉಷ್ಣತೆಗೆ ತಕ್ಕಂತೆ ಸ್ವಲ್ಪ ಸರಿಯುತ್ತದೆ ಎಂಬುದೂ ನೆನಪಿರಲಿ.

ಎರಡನೆಯ ಸಲಕರಣೆ ಆಧಾರ ಮೈಕ್. ನಿಮ್ಮಲ್ಲಿರುವ ಮೈಕುಗಳಲ್ಲೇ ಹೊಸದಾದ, ಸುಸ್ಥಿತಿಯಲ್ಲಿರುವ ಒಂದನ್ನು ಆರಿಸಿ ಅದನ್ನು ಎಂದೂ ಹೊರಗೆ ಬಳಸದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿ ಮುಚ್ಚಿಡಿ. ಸಾಧ್ಯವಾದರೆ ಇಂಥವು ಎರಡಿರಲಿ. ಒಂದೇ ಇದ್ದಾಗ ಅದೇ ಬದಲಾದರೆ ತಿಳಿಯುವ ದಾರಿ ಇರುವುದಿಲ್ಲ. ಎರಡಿದ್ದರೆ ಅವುಗಳ ನಡುವಿನ ಅಂತರ ಬದಲಾದ ದಿನ ಏನೋ ಆಗಿದೆಯೆಂದು ಗೊತ್ತಾಗುತ್ತದೆ. ಪ್ರಯೋಗಾಲಯದ ನಂಟಿರುವವರು ಅಳತೆಗೆಂದೇ ತಯಾರಿಸಿದ ಕಾಲಿಂಚು ವ್ಯಾಸದ ಮೈಕನ್ನು ಕೆಲವು ಗಂಟೆಗಳ ಮಟ್ಟಿಗಾದರೂ ಪಡೆಯಬಹುದು. ಬ್ರೂಯೆಲ್ ಅಂಡ್ ಕೇರ್ 4939ರಂಥ ಕಾಲಿಂಚಿನ ಮೈಕ್ 100 ಕಿಲೋಹರ್ಟ್ಸ್‌ವರೆಗೂ, ಅದೇ ತಯಾರಕರ ಎಂಟನೇ ಒಂದು ಇಂಚಿನ 4138 ಮೈಕ್ 140 ಕಿಲೋಹರ್ಟ್ಸ್‌ವರೆಗೂ ಅಳೆಯಬಲ್ಲವು. ಅವು ಕೈಗೆಟುಕದಿದ್ದರೆ ಚಿಂತಿಸಬೇಕಾಗಿಲ್ಲ. ಸಮೀಕ್ಷೆಗೆ ಮುಖ್ಯವಾಗಿ ಬೇಕಾದದ್ದು ಇಷ್ಟು ಪಾಸ್ಕಲ್‌ಗೆ ಇಷ್ಟು ಎಂಬ ನಿರಪೇಕ್ಷ ಅಂಕಿಯಲ್ಲ. ಈ ಮೈಕ್ ಆ ಮೈಕಿಗೆ ಸಮವೇ, ಹೋದ ವರ್ಷದ ತನಗೇ ಸಮವೇ ಎಂಬ ಹೋಲಿಕೆ.

ಜಾಗ ಹೊಂದಿಸುವುದು

ಇಡೀ ಕೆಲಸದಲ್ಲಿ ತಪ್ಪುಗಳು ನುಸುಳುವುದು ಹೆಚ್ಚಾಗಿ ಇಲ್ಲಿಯೇ. ಮೂಲದಿಂದ ಹೊರಟ ಶಬ್ದ ನೇರವಾಗಿ ಮೈಕಿಗೆ ಬರುವುದರ ಜೊತೆಗೆ ನೆಲ, ಮೇಜು, ಗೋಡೆಗಳಿಗೆ ಬಡಿದೂ ಬರುತ್ತದೆ. ಎರಡು ದಾರಿಗಳ ಅಂತರ ಅರ್ಧ ತರಂಗದೂರದಷ್ಟಾದರೆ, ಅಂದರೆ 40 ಕಿಲೋಹರ್ಟ್ಸ್‌ನಲ್ಲಿ 4.3 ಮಿಲಿಮೀಟರ್ ಆದರೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಪೂರ್ಣ ತರಂಗದೂರವಾದರೆ ಕೂಡಿಕೊಳ್ಳುತ್ತವೆ. ಮೇಜಿನ ಮೇಲೆ ಡಿಟೆಕ್ಟರ್ ಇಟ್ಟು ಅಳೆದರೆ ಅದನ್ನು ಬೆರಳಗಲ ಆಚೀಚೆ ಸರಿಸಿದಾಗ ಮಟ್ಟ ಹಲವು ಡೆಸಿಬಲ್ ಏರಿಳಿಯುವುದು ಇದೇ ಕಾರಣಕ್ಕೆ. ಅಂಥ ಅಳತೆಯಿಂದ ಮೈಕುಗಳನ್ನು ಹೋಲಿಸುವುದು ರಬ್ಬರ್ ಪಟ್ಟಿಯಿಂದ ಬಟ್ಟೆ ಅಳೆದಂತೆ.

ಪಾರಾಗಲು ಎರಡು ಉಪಾಯಗಳನ್ನು ಒಟ್ಟಿಗೆ ಬಳಸಬೇಕು. ಮೊದಲನೆಯದು, ಮೂಲ ಮತ್ತು ಮೈಕ್ ಎರಡನ್ನೂ ತೆಳ್ಳನೆಯ ಕಂಬಿಗಳ ಮೇಲೆ, ನೆಲದಿಂದ ಕನಿಷ್ಠ 1 ಮೀಟರ್ ಎತ್ತರದಲ್ಲಿ, ಗೋಡೆಗಳಿಂದಲೂ ಅಷ್ಟೇ ದೂರದಲ್ಲಿ ನಿಲ್ಲಿಸಿ, ಹಿಂದೆ ದಪ್ಪ ಕಂಬಳಿಯನ್ನು ಮಡಿಕೆ ಮಡಿಕೆಯಾಗಿ ತೂಗುಬಿಡುವುದು. ಎರಡನೆಯದು, ಎಡೆಬಿಡದ ಶಬ್ದದ ಬದಲು ಚಿಕ್ಕ ತುಣುಕುಗಳನ್ನು ಬಿಡುವುದು. ಮೂಲಕ್ಕೂ ಮೈಕಿಗೂ 1 ಮೀಟರ್ ಅಂತರವಿದ್ದು ಎರಡೂ ನೆಲದಿಂದ 1 ಮೀಟರ್ ಮೇಲಿದ್ದರೆ, ನೆಲಕ್ಕೆ ಬಡಿದು ಬರುವ ಶಬ್ದ 2.24 ಮೀಟರ್ ಸಾಗಬೇಕಾಗುತ್ತದೆ. ನೇರ ಶಬ್ದಕ್ಕಿಂತ ಅದು ಸುಮಾರು 3.6 ಮಿಲಿಸೆಕೆಂಡ್ ತಡವಾಗಿ ತಲಪುತ್ತದೆ. ಹೀಗಾಗಿ ತುಣುಕು 3 ಮಿಲಿಸೆಕೆಂಡ್ ಉದ್ದವಿದ್ದರೆ ಪ್ರತಿಧ್ವನಿ ಬರುವಷ್ಟರಲ್ಲಿ ನೇರ ಶಬ್ದ ಮುಗಿದಿರುತ್ತದೆ, ಕಡತದಲ್ಲಿ ಅವೆರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಈ ಒಂದು ಉಪಾಯದಿಂದ ಸಾಮಾನ್ಯ ಕೋಣೆಯೂ ಪ್ರತಿಧ್ವನಿರಹಿತ ಕೋಣೆಯ ಕೆಲಸ ಮಾಡುತ್ತದೆ.

ಅಂತರ 1 ಮೀಟರ್ ಇರಲಿ ಎನ್ನುವುದಕ್ಕೂ ಕಾರಣವಿದೆ. ಆ ದೂರದಲ್ಲಿ 1 ಸೆಂಟಿಮೀಟರ್ ತಪ್ಪಾದರೆ ಮಟ್ಟದಲ್ಲಿ ಆಗುವ ದೋಷ 0.1 ಡೆಸಿಬಲ್‌ಗೂ ಕಡಿಮೆ. 10 ಸೆಂಟಿಮೀಟರ್ ದೂರದಲ್ಲಿ ಅಷ್ಟೇ ತಪ್ಪಿಗೆ 0.8 ಡೆಸಿಬಲ್ ದಂಡ ತೆರಬೇಕಾಗುತ್ತದೆ. ದಿಕ್ಕಿನ ವಿಷಯದಲ್ಲಿ ಇಷ್ಟು ಔದಾರ್ಯವಿಲ್ಲ. ಪೀಜೋದ ಶಬ್ದ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಚಾಚುವುದರಿಂದ ಕೆಲವೇ ಡಿಗ್ರಿ ವಾಲಿದರೂ ಮಟ್ಟ ಇಳಿಯುತ್ತದೆ. ಮೂಲದ ಪಕ್ಕದಲ್ಲಿ ಲೇಸರ್ ಚುಕ್ಕಿ ಕಟ್ಟಿ ಮೈಕಿನ ತೂತಿಗೆ ಗುರಿಯಿಡಿ, ಮೈಕನ್ನು ಪ್ರತಿ ಸಲ ಒಂದೇ ಭಂಗಿಯಲ್ಲಿ ಕೂರಿಸುವ ಅಚ್ಚನ್ನು ಮರದಲ್ಲೋ ಪ್ಲಾಸ್ಟಿಕ್‌ನಲ್ಲೋ ಮಾಡಿಕೊಳ್ಳಿ. ಈ ಅಚ್ಚಿಗೆ ಖರ್ಚಾಗುವ ಅರ್ಧ ದಿನ ಮುಂದೆ ಹತ್ತಾರು ದಿನಗಳ ಗೊಂದಲವನ್ನು ಉಳಿಸುತ್ತದೆ.

ಡಿಟೆಕ್ಟರನ್ನು ಹೊರಗೆ ಯಾವ ಪೆಟ್ಟಿಗೆಯಲ್ಲಿ, ಯಾವ ಮಳೆ-ರಕ್ಷೆಯೊಂದಿಗೆ ಇಡುತ್ತೀರೋ ಅದೇ ರೂಪದಲ್ಲಿ ಅಳೆಯಿರಿ. ಒಮ್ಮೆ ರಕ್ಷೆಯಿಲ್ಲದೆಯೂ ಅಳೆಯಿರಿ. ಎರಡರ ವ್ಯತ್ಯಾಸವೇ ಆ ರಕ್ಷೆ ನಿಮ್ಮಿಂದ ವಸೂಲು ಮಾಡುವ ಸುಂಕ. ಬಾಗಿದ ಕೊಳವೆ, ಶಬ್ದವನ್ನು ತಟ್ಟಿ ತಿರುಗಿಸುವ ಫಲಕ ಮುಂತಾದ ಏರ್ಪಾಡುಗಳು ಕೆಲವು ಕಂಪನಾಂಕಗಳನ್ನು ನುಂಗಿ ಕೆಲವನ್ನು ಉಬ್ಬಿಸುತ್ತವೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಅಳತೆ

ಮೈಕುಗಳನ್ನೂ ಮೂಲವನ್ನೂ ಒಂದು ಗಂಟೆ ಮೊದಲೇ ಕೋಣೆಯಲ್ಲಿಟ್ಟು ಅಲ್ಲಿನ ಉಷ್ಣತೆಗೆ ಹೊಂದಿಕೊಳ್ಳಲು ಬಿಡಿ. ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆದು ಬರೆಯುತ್ತದೆ ಎಂಬುದು), ಗೇನ್ (ಶಬ್ದವನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದು), ಸೋಸುವ ಫಿಲ್ಟರ್ ಎಲ್ಲವೂ ಸಮೀಕ್ಷೆಯಲ್ಲಿ ಬಳಸುವಂಥವೇ ಆಗಿರಲಿ. ಸ್ಯಾಂಪ್ಲಿಂಗ್ ದರದ ಅರ್ಧದಷ್ಟು ಕಂಪನಾಂಕದವರೆಗೆ ಮಾತ್ರ ದಾಖಲಾಗುತ್ತದೆ, 256 ಕಿಲೋಹರ್ಟ್ಸ್ ದರದಲ್ಲಿ 128ರವರೆಗೆ, 384ರಲ್ಲಿ 192ರವರೆಗೆ. ಆ ಗಡಿಯ ಸಮೀಪ ಉಪಕರಣದ ಒಳಗಿನ ಫಿಲ್ಟರ್ ಮಟ್ಟವನ್ನು ಇಳಿಸುವುದರಿಂದ, ಒಂದು ದರದಲ್ಲಿ ಮಾಡಿದ ಅಳತೆಯನ್ನು ಇನ್ನೊಂದು ದರಕ್ಕೆ ಒಯ್ಯುವಂತಿಲ್ಲ.

ಮೊದಲು ಮೂಲವನ್ನು ಬಂದ್ ಮಾಡಿ ಒಂದು ನಿಮಿಷ ಬರೀ ಮೌನವನ್ನು ದಾಖಲಿಸಿ. ಎಲ್‌ಇಡಿ ದೀಪಗಳ ಡ್ರೈವರ್, ಲ್ಯಾಪ್‌ಟಾಪ್ ಚಾರ್ಜರ್, ಚಲನೆ ಗುರುತಿಸುವ ಶ್ರವಣಾತೀತ ಸಂವೇದಕ ಇವೆಲ್ಲ ನಮಗೆ ಕೇಳದ ಮಟ್ಟದಲ್ಲಿ ಕಿರುಚುತ್ತಿರುತ್ತವೆ. ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಹೊತ್ತು ಕಳೆದಂತೆ ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರದಲ್ಲಿ) ಅಡ್ಡಗೆರೆಗಳು ಕಂಡರೆ ಆ ಉಪಕರಣಗಳನ್ನು ಒಂದೊಂದಾಗಿ ಬಂದ್ ಮಾಡಿ ಸದ್ದಿನ ಮೂಲ ಪತ್ತೆ ಹಚ್ಚಿ. ಕೊನೆಗೆ ಉಳಿಯುವ ಸಮನಾದ ಸದ್ದು ಮೈಕ್ ಮತ್ತು ಅದರ ವರ್ಧಕದ್ದೇ. ಇದರ ಮಟ್ಟವನ್ನು ಬರೆದಿಡಿ, ಇದರ ಬೆಲೆ ಆಮೇಲೆ ತಿಳಿಯುತ್ತದೆ.

ಈಗ ಆಧಾರ ಮೈಕನ್ನು ಅಚ್ಚಿನಲ್ಲಿ ಕೂರಿಸಿ, ಸೆಕೆಂಡಿಗೆ ಐದರಂತೆ 3 ಮಿಲಿಸೆಕೆಂಡ್‌ನ ತುಣುಕುಗಳನ್ನು 20 ಸೆಕೆಂಡ್ ದಾಖಲಿಸಿ. ಮಟ್ಟವು ಕಡತದ ಗರಿಷ್ಠ ಮಿತಿಗಿಂತ 20 ಡೆಸಿಬಲ್ ಆಸುಪಾಸು ಕೆಳಗಿರುವಂತೆ ಮೂಲವನ್ನು ಹೊಂದಿಸಿಕೊಳ್ಳಿ, ಆಮೇಲೆ ಆ ಹೊಂದಿಕೆಯನ್ನು ಮುಟ್ಟಬೇಡಿ. ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿದಂತೆ ಕಂಡರೆ, ಅಥವಾ ಮೂಲದಲ್ಲಿಲ್ಲದ 80 ಕಿಲೋಹರ್ಟ್ಸ್‌ನ ನೆರಳು ಮೇಲೆ ಮೂಡಿದರೆ, ಶಬ್ದ ಅತಿಯಾಗಿದೆ ಎಂದರ್ಥ. ಬಳಿಕ ಪರೀಕ್ಷಿಸಬೇಕಾದ ಮೈಕನ್ನು ಅದೇ ಜಾಗದಲ್ಲಿ ಕೂರಿಸಿ ದಾಖಲಿಸಿ; ತೆಗೆದು, ಮತ್ತೆ ಕೂರಿಸಿ, ಮತ್ತೆ ದಾಖಲಿಸಿ. ಹೀಗೆ ಐದು ಸಲ. ಇದು ಬೇಸರದ ಕೆಲಸವೆಂಬುದು ನಿಜ, ಆದರೆ ಮೈಕ್ ಅಲುಗಾಡದೆ ಕೂತಿರುವಾಗ ಐದು ಸಲ ಅಳೆದು ‘ವ್ಯತ್ಯಾಸ 0.1 ಡೆಸಿಬಲ್ ಮಾತ್ರ’ ಎಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಕೂರಿಸುವ ಕೈಯ ತಪ್ಪೂ ಲೆಕ್ಕಕ್ಕೆ ಬರಬೇಕು. ನಾಲ್ಕೈದು ಮೈಕುಗಳಾದ ಮೇಲೆ ಆಧಾರ ಮೈಕನ್ನು ಮತ್ತೊಮ್ಮೆ ಅಳೆಯಿರಿ. ಅದರ ಎರಡು ಅಳತೆಗಳ ನಡುವೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ಅಂತರವಿದ್ದರೆ ನಡುವಿನವನ್ನೆಲ್ಲ ತಿರಸ್ಕರಿಸಿ ಮೊದಲಿನಿಂದ ಮಾಡಿ. ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಎರಡನ್ನೂ ಅಳೆಯುವುದರಿಂದ ಗಾಳಿಯ ಹೀರಿಕೆ, ಉಷ್ಣತೆ, ಮೂಲದ ಸಣ್ಣ ದೋಷಗಳು ಪರಸ್ಪರ ಕಳೆದುಹೋಗುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಹೋಲಿಸುವ ಈ ವಿಧಾನದ ಬಲವೇ ಅದು.

ಕಡತದಿಂದ ಅಂಕಿ ತೆಗೆಯುವಾಗ 35ರಿಂದ 45 ಕಿಲೋಹರ್ಟ್ಸ್ ಮಾತ್ರ ಉಳಿಯುವಂತೆ ಸೋಸಿ, ಪ್ರತಿ ತುಣುಕಿನ ಏರುವ ಭಾಗವನ್ನು ಬಿಟ್ಟು ಮಧ್ಯದ ಒಂದೂವರೆ ಮಿಲಿಸೆಕೆಂಡಿನ ಸರಾಸರಿ ಶಕ್ತಿಮಟ್ಟವನ್ನು ಲೆಕ್ಕ ಮಾಡಿ. ಧ್ವನಿ ತಂತ್ರಾಂಶಗಳಲ್ಲಿ ‘ನಾರ್ಮಲೈಸ್’ ಎಂಬ ಸೌಲಭ್ಯ ತಾನಾಗಿ ಚಾಲೂ ಇರುವುದುಂಟು; ಅದು ಎಲ್ಲ ಕಡತಗಳನ್ನೂ ಒಂದೇ ಎತ್ತರಕ್ಕೆ ಎಳೆದು ನಿಮ್ಮ ದಿನವಿಡೀ ಶ್ರಮವನ್ನು ಸದ್ದಿಲ್ಲದೆ ಅಳಿಸಿಬಿಡುತ್ತದೆ. ಇನ್ನೊಂದು ಹೊಂಡವೂ ಇದೆ. ಮಿತಿಯನ್ನು ಮುಟ್ಟುವ ಶುದ್ಧ ಸೈನ್ ಅಲೆಯ ಮಟ್ಟವನ್ನು ಕೆಲವು ತಂತ್ರಾಂಶಗಳು ಸೊನ್ನೆ ಎಂದೂ ಕೆಲವು ಋಣ 3 ಡೆಸಿಬಲ್ ಎಂದೂ ತೋರಿಸುತ್ತವೆ. ಹೋದ ವರ್ಷ ಒಂದು ತಂತ್ರಾಂಶ, ಈ ವರ್ಷ ಇನ್ನೊಂದು ಬಳಸಿದವರಿಗೆ ಎಲ್ಲ ಮೈಕುಗಳೂ ಒಟ್ಟಿಗೆ 3 ಡೆಸಿಬಲ್ ಕೆಟ್ಟಂತೆ ಕಂಡರೆ ಅದು ಮೈಕುಗಳ ತಪ್ಪಲ್ಲ.

ಕಡತದ ಗರಿಷ್ಠ ಮಿತಿಗೆ ಹೋಲಿಸಿ ಆಧಾರ ಮೈಕ್ ಋಣ 21.4, ಪರೀಕ್ಷೆಯ ಮೈಕ್ ಋಣ 24.9 ತೋರಿಸಿದರೆ ವ್ಯತ್ಯಾಸ ಋಣ 3.5 ಡೆಸಿಬಲ್; ಅಂದರೆ ಅಲೆಯ ಎತ್ತರ ಆಧಾರ ಮೈಕಿನ ಸುಮಾರು ಶೇ 67ರಷ್ಟು. ಪ್ರಯೋಗಾಲಯದ ಅಳತೆಯ ಮೈಕ್ ದೊರೆತಿದ್ದು, ಮೂಲದ ಮಟ್ಟ ಆ ಜಾಗದಲ್ಲಿ 90 ಡೆಸಿಬಲ್ ಎಂದು ತಿಳಿದಿದ್ದರೆ, ಋಣ 24 ತೋರಿಸುವ ಉಪಕರಣದ ಮಿತಿ 114 ಡೆಸಿಬಲ್ ಎಂಬ ನಿರಪೇಕ್ಷ ಅಂಕಿಯೂ ಸಿಗುತ್ತದೆ.

ಒಂದೇ ಕಂಪನಾಂಕದಲ್ಲಿ ನಿಲ್ಲಬಾರದು. ಈಗಿನ ಹಲವು ಡಿಟೆಕ್ಟರ್‌ಗಳಲ್ಲಿರುವ ಮೆಮ್ಸ್ ಮೈಕುಗಳ (ಸಿಲಿಕಾನ್ ಚಿಪ್ಪಿನ ಮೇಲೆ ಮೂಡಿಸಿದ ಪುಟ್ಟ ಮೈಕುಗಳ) ಸಂವೇದನೆ ಸಪಾಟಾಗಿರುವುದಿಲ್ಲ. ಶಬ್ದ ಒಳಹೋಗುವ ಸಣ್ಣ ತೂತಿನ ಅನುರಣನದಿಂದ ಒಂದು ಕಡೆ ದಿಬ್ಬವೆದ್ದು ಆಮೇಲೆ ಇಳಿಜಾರಾಗುತ್ತದೆ. ತೂತಿಗೆ ಧೂಳು ಕೂತರೆ ಆ ದಿಬ್ಬವೇ ಜಾಗ ಬದಲಿಸುತ್ತದೆ, 40ರಲ್ಲಿ ಅಷ್ಟೇನೂ ವ್ಯತ್ಯಾಸ ತೋರದ ಮೈಕ್ 80ರಲ್ಲಿ ಕಿವುಡಾಗಿರಬಹುದು. ಕನಿಷ್ಠ 25, 40 ಮತ್ತು 80 ಕಿಲೋಹರ್ಟ್ಸ್‌ಗಳಲ್ಲಿ ಅಳೆಯಿರಿ. ಪೀಜೋ ಸಾಲದ ಕಡೆ ಶ್ರವಣಾತೀತ ಸ್ಪೀಕರ್ ಬೇಕಾಗುತ್ತದೆ. 192 ಕಿಲೋಹರ್ಟ್ಸ್‌ನ ಸೌಂಡ್ ಕಾರ್ಡ್ 96ರವರೆಗಷ್ಟೇ ನುಡಿಸಬಲ್ಲದು ಎಂಬುದನ್ನು ಮೂಲ ಆರಿಸುವಾಗಲೇ ಗಮನಿಸಿ. ನಿಮ್ಮ ಸಮೀಕ್ಷೆಯ ಪ್ರದೇಶದಲ್ಲಿ ಕುದುರೆಲಾಳ ಬಾವಲಿಗಳಿದ್ದರೆ ಅವು ಕೂಗುವ ಕಂಪನಾಂಕದಲ್ಲಿಯೂ ಒಂದು ಅಳತೆ ಇರಲೇಬೇಕು.

ಇಟ್ಟುಕೊಳ್ಳುವುದೋ ತೆಗೆದುಹಾಕುವುದೋ

ನಾನು ಪಾಲಿಸುವ ನಿಯಮ ಸರಳ. ಆಧಾರ ಮೈಕಿನಿಂದ ಎಲ್ಲ ಕಂಪನಾಂಕಗಳಲ್ಲೂ 3 ಡೆಸಿಬಲ್ ಒಳಗಿರುವುದು ಸಮೀಕ್ಷೆಗೆ ಯೋಗ್ಯ. 3ರಿಂದ 6ರವರೆಗಿನದನ್ನು ಒಣಗಿಸಿ, ರಕ್ಷೆಯನ್ನು ಬದಲಿಸಿ ಮತ್ತೆ ಅಳೆಯಬೇಕು. 6 ಮೀರಿದ್ದನ್ನು ಕೈಬಿಡಬೇಕು. ಸ್ಪಂಜಿನ ಹೊದಿಕೆ ಒದ್ದೆಯಾದರೆ ಶ್ರವಣಾತೀತ ಧ್ವನಿಯನ್ನು ಗಣನೀಯವಾಗಿ ತಡೆಯುತ್ತದೆ, ಹಾಗಾಗಿ ಒಣಗಿಸಿದಾಗ ಚೇತರಿಸಿಕೊಳ್ಳುವ ಮೈಕುಗಳು ಕಡಿಮೆಯೇನಲ್ಲ. ಮೆಮ್ಸ್ ಮೈಕಿನ ತೂತಿಗೆ ಸೂಜಿ ಹಾಕುವುದು, ಒತ್ತಡದ ಗಾಳಿ ಊದುವುದು, ಸ್ಪಿರಿಟ್ ಸುರಿಯುವುದು ಮಾತ್ರ ಬೇಡ. ಒಳಗಿನ ಪೊರೆ ಅಷ್ಟಕ್ಕೇ ಹರಿದುಹೋಗಬಹುದು.

ಮಂದ ಮೈಕಿನ ಗೇನ್ ಏರಿಸಿ ಸರಿದೂಗಿಸಬಾರದೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಗೇನ್ ಏರಿಸಿದರೆ ಕೂಗಿನ ಜೊತೆಗೆ ಮೈಕಿನ ಸ್ವಂತ ಸದ್ದೂ ಏರುತ್ತದೆ, ಎರಡರ ನಡುವಿನ ಅಂತರ ಇದ್ದಂತೆಯೇ ಉಳಿಯುತ್ತದೆ. ದೂರದ ಬಾವಲಿ ಕೇಳಿಸುವುದೋ ಇಲ್ಲವೋ ಎಂಬುದು ಆ ಅಂತರವನ್ನೇ ಅವಲಂಬಿಸಿದೆ. ಮೌನದ ದಾಖಲೆ ಬೇಕೆಂದು ಆಗ ಹೇಳಿದ್ದು ಇದಕ್ಕೆ. ಎರಡು ಮೈಕುಗಳು ಒಂದೇ ಮಟ್ಟ ತೋರಿಸಿದರೂ ಒಂದರ ಸ್ವಂತ ಸದ್ದು 5 ಡೆಸಿಬಲ್ ಮೇಲಿದ್ದರೆ ಅವು ಸಮಾನವಲ್ಲ.

ಡಿಟೆಕ್ಟರ್ ತಾನಾಗಿ ಎಚ್ಚೆತ್ತು ದಾಖಲಿಸುವ ಬಗೆಯದಾಗಿದ್ದರೆ ಎಚ್ಚರಗೊಳ್ಳುವ ಮಟ್ಟವನ್ನೂ ಅಳೆಯಬೇಕು. ಮೂಲದ ಶಬ್ದವನ್ನು 1 ಡೆಸಿಬಲ್‌ನಂತೆ ಇಳಿಸುತ್ತಾ ಹೋಗಿ, ಹತ್ತು ತುಣುಕುಗಳಲ್ಲಿ ಐದನ್ನು ಮಾತ್ರ ಹಿಡಿಯುವ ಮಟ್ಟವನ್ನು ಗುರುತಿಸಿಕೊಂಡರಾಯಿತು.

ಹೊರಗಿನ ತಪಾಸಣೆ

ಕೋಣೆಯಲ್ಲಿ ಎಷ್ಟೇ ಚೆನ್ನಾಗಿ ಅಳೆದರೂ, ಆ ಅಳತೆ ಮೈಕ್ ಕೋಣೆಯಲ್ಲಿದ್ದ ದಿನದ ಬಗ್ಗೆ ಮಾತ್ರ ಹೇಳುತ್ತದೆ. ನಾನೊಮ್ಮೆ ಆರು ವಾರ ಇಟ್ಟಿದ್ದ ಡಿಟೆಕ್ಟರನ್ನು ಇಳಿಸಿದಾಗ ಕಣಜದ ಹುಳುವೊಂದು ಮೈಕಿನ ತೂತಿಗೆ ನೀಟಾಗಿ ಮಣ್ಣು ಮೆತ್ತಿ ಮನೆ ಮಾಡಿಕೊಂಡಿತ್ತು. ಕಡತಗಳು ಲೆಕ್ಕದ ಪ್ರಕಾರ ಸರಿಯಾಗಿಯೇ ಇದ್ದವು. ಮೊದಲ ಕೆಲವು ರಾತ್ರಿಗಳ ನಂತರ ಬಾವಲಿಗಳು ಮಾತ್ರ ಆ ಊರನ್ನೇ ಬಿಟ್ಟುಹೋದಂತಿತ್ತು.

ಆದುದರಿಂದ ಉಪಕರಣವನ್ನು ಮರಕ್ಕೋ ಕಂಬಕ್ಕೋ ಕಟ್ಟಿದ ಮೇಲೊಮ್ಮೆ, ಇಳಿಸುವ ಮೊದಲೊಮ್ಮೆ, ಅದು ಇದ್ದ ಸ್ಥಿತಿಯಲ್ಲೇ ಪರೀಕ್ಷೆಯ ಶಬ್ದವನ್ನು ಕೊಡಬೇಕು. ಕೈಯಲ್ಲಿ ಹಿಡಿಯುವ 40 ಕಿಲೋಹರ್ಟ್ಸ್‌ನ ಪುಟ್ಟ ಮೂಲಕ್ಕೆ 30 ಸೆಂಟಿಮೀಟರ್ ಉದ್ದದ ತೆಳು ಕಡ್ಡಿಯನ್ನು ಕಟ್ಟಿ, ಕಡ್ಡಿಯ ತುದಿ ಮೈಕಿನ ಅಂಚಿಗೆ ತಾಗುವಂತೆ ಹಿಡಿದರೆ ದೂರ ಪ್ರತಿ ಸಲವೂ ಒಂದೇ ಆಗಿರುತ್ತದೆ. ಇಳಿಸುವಾಗಿನ ಪರೀಕ್ಷೆಗೆ ಮೊದಲು ಮೈಕನ್ನು ಒರೆಸಬೇಡಿ, ಜೇಡರ ಬಲೆ ತೆಗೆಯಬೇಡಿ. ನಮಗೆ ಬೇಕಾದದ್ದು ನಿನ್ನೆ ರಾತ್ರಿಯ ಮೈಕ್, ಇಂದು ಬೆಳಿಗ್ಗೆ ತೊಳೆದ ಮೈಕಲ್ಲ. ಬೀಗದ ಕೈ ಗೊಂಚಲನ್ನು ಅಲುಗಾಡಿಸುವುದು, ಬೆರಳುಗಳನ್ನು ಉಜ್ಜುವುದು ಕೂಡ ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತವೆ ನಿಜ, ಆದರೆ ಅವು ಮೈಕ್ ಜೀವಂತವಾಗಿದೆ ಎಂದು ಹೇಳಬಲ್ಲವೇ ಹೊರತು ಎಷ್ಟು ಆರೋಗ್ಯವಾಗಿದೆ ಎಂದಲ್ಲ.

ಎರಡು ಪರೀಕ್ಷೆಗಳ ನಡುವೆ 3 ಡೆಸಿಬಲ್‌ಗಿಂತ ಹೆಚ್ಚು ಕುಸಿತ ಕಂಡರೆ, ಕುಸಿದದ್ದು ಯಾವ ರಾತ್ರಿ ಎಂದು ಹುಡುಕಬೇಕಾಗುತ್ತದೆ. ಇದಕ್ಕೆ ಕಡತಗಳೇ ಸಾಕ್ಷಿ. ಪ್ರತಿ ರಾತ್ರಿಯ ಹಿನ್ನೆಲೆ ಸದ್ದಿನ ಮಧ್ಯಮ ಮಟ್ಟವನ್ನು 15ರಿಂದ 30 ಕಿಲೋಹರ್ಟ್ಸ್ ಪಟ್ಟಿಯಲ್ಲಿ ಲೆಕ್ಕ ಹಾಕಿ ನಕ್ಷೆಯಲ್ಲಿ ಗುರುತಿಸಿ. ಈ ಪಟ್ಟಿಯಲ್ಲಿ ಮಿಡತೆ ಜಾತಿಯ ಕೀಟಗಳ ಸದ್ದು ರಾತ್ರಿಯಿಂದ ರಾತ್ರಿಗೆ ನಿಧಾನವಾಗಿ ಬದಲಾಗುತ್ತದೆ; ಅದು ಒಂದೇ ರಾತ್ರಿಯಲ್ಲಿ ಮೆಟ್ಟಿಲಿಳಿದಂತೆ ಇಳಿದು ಮತ್ತೆ ಏಳದಿದ್ದರೆ ತೊಂದರೆ ಅಂದೇ ಆರಂಭವಾಗಿದೆ ಎನ್ನಬಹುದು. ಮಳೆಯ ರಾತ್ರಿ ಇಳಿದು ಎರಡು ದಿನಗಳಲ್ಲಿ ಮೇಲೇರಿದರೆ ಹೊದಿಕೆ ಒದ್ದೆಯಾಗಿ ಒಣಗಿದೆ ಎಂದು ಊಹಿಸಬಹುದು.

ದಾಖಲೆಗಳನ್ನು ಬಳಸುವಾಗ

ಮೈಕ್ 4 ಡೆಸಿಬಲ್ ಮಂದವೆಂದು ತಿಳಿದ ಮೇಲೆ, ಬಾವಲಿ ಸಂಖ್ಯೆಯನ್ನು ಯಾವುದೋ ಗುಣಕದಿಂದ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಕೇಳಿಸದ ಕೂಗುಗಳು ಯಾವ ಪ್ರಭೇದದವು, ಎಷ್ಟು ದೂರದವು ಎಂಬುದು ತಿಳಿಯದೆ ಹಾಕುವ ಗುಣಕ ಊಹೆಯನ್ನು ದಶಾಂಶದಲ್ಲಿ ಬರೆದಂತೆ. ಅದಕ್ಕಿಂತ ಪ್ರಾಮಾಣಿಕವಾದ ದಾರಿ, ಹೋಲಿಸಬೇಕಾದ ಎಲ್ಲ ಉಪಕರಣಗಳನ್ನೂ ಅವುಗಳಲ್ಲಿ ಅತಿ ಮಂದವಾದದ್ದರ ಮಟ್ಟಕ್ಕೆ ಇಳಿಸುವುದು. ಪ್ರತಿ ಕೂಗಿನ ಮಟ್ಟವನ್ನು ಆಯಾ ಮೈಕಿನ ವ್ಯತ್ಯಾಸಕ್ಕೆ ತಕ್ಕಂತೆ ತಿದ್ದಿ, ಅತಿ ಮಂದ ಮೈಕಿಗೂ ಖಂಡಿತವಾಗಿ ಕೇಳಿಸುತ್ತಿದ್ದಂಥ ಮಟ್ಟವನ್ನು ಗೆರೆಯಾಗಿಟ್ಟುಕೊಂಡು, ಅದಕ್ಕಿಂತ ಕೆಳಗಿನ ಕೂಗುಗಳನ್ನು ಎಲ್ಲ ಕಡತಗಳಿಂದಲೂ ಬಿಡಬೇಕು. ಒಂದಷ್ಟು ದಾಖಲೆಗಳು ಕೈಬಿಟ್ಟು ಹೋಗುತ್ತವೆ, ಉಳಿದವನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. ಈ ಗೆರೆಯನ್ನು ಸಮೀಕ್ಷೆ ಮುಗಿದ ಮೇಲೆ ಫಲಿತಾಂಶ ನೋಡಿಕೊಂಡು ಎಳೆಯುವುದಲ್ಲ, ಮೊದಲೇ ನಿರ್ಧರಿಸುವುದು ಒಳ್ಳೆಯದು.

ಉಪಕರಣಗಳನ್ನು ಹಂಚುವಾಗಲೂ ಒಂದು ಮುಂಜಾಗ್ರತೆ ಸಾಧ್ಯ. ಒಂದೇ ಡಿಟೆಕ್ಟರನ್ನು ಒಂದೇ ಜಾಗಕ್ಕೆ ಕಾಯಂ ಮಾಡಿದರೆ ಜಾಗದ ಗುಣವೂ ಮೈಕಿನ ಗುಣವೂ ಬೇರ್ಪಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಚೀಟಿ ಎತ್ತಿ, ವಾರಕ್ಕೊಮ್ಮೆ ಜಾಗ ಬದಲಿಸಿದರೆ ಕೆಟ್ಟ ಮೈಕಿನ ಭಾರ ಒಂದೇ ಜಾಗದ ತಲೆಯ ಮೇಲೆ ಬೀಳುವುದಿಲ್ಲ.

ಇವೆಲ್ಲಕ್ಕೂ ಒಂದು ದಪ್ಪ ರಟ್ಟಿನ ಪುಸ್ತಕ ಬೇಕು. ಮೈಕಿನ ಕ್ರಮಸಂಖ್ಯೆ, ದಿನಾಂಕ, ಉಷ್ಣತೆ, ಆರ್ದ್ರತೆ, ಗೇನ್, ಸ್ಯಾಂಪ್ಲಿಂಗ್ ದರ, ಫರ್ಮ್‌ವೇರ್ ಆವೃತ್ತಿ, ಮೂಲದ ವೋಲ್ಟೇಜ್, ಬಳಸಿದ ತಂತ್ರಾಂಶ, ಮೂರೂ ಕಂಪನಾಂಕಗಳ ವ್ಯತ್ಯಾಸ, ಮೌನದ ಮಟ್ಟ, ಇಷ್ಟೂ ಒಂದೇ ಸಾಲಿನಲ್ಲಿರಲಿ. ಕ್ರಮಸಂಖ್ಯೆಯನ್ನು ಡಿಟೆಕ್ಟರ್ ಪೆಟ್ಟಿಗೆಯ ಮೇಲಲ್ಲದೆ ಮೈಕಿನ ಮೇಲೆಯೇ, ಮಳೆಗೆ ಅಳಿಸದ ಶಾಯಿಯಲ್ಲಿ ಬರೆಯಬೇಕು. ತುರ್ತಿನಲ್ಲಿ ಒಂದರ ಮೈಕನ್ನು ಇನ್ನೊಂದಕ್ಕೆ ಸಿಕ್ಕಿಸುವ ಸಂದರ್ಭ ಪ್ರತಿ ಸಮೀಕ್ಷೆಯಲ್ಲೂ ಒಮ್ಮೆಯಾದರೂ ಬಂದೇ ಬರುತ್ತದೆ.